ಸಂಭ್ರಮದ ಬೆನ್ನು ಹತ್ತಿ, ನೋವಿಗೆ ಬೆನ್ನು ಹಾಕಿ

ಅಮ್ಮನ ಹದಿಮೂರನೇ ದಿನದ ಕಾರ್ಯ ಮುಗಿಸಿ ಸಾಗರದಿಂದ ಬೆಂಗಳೂರಿಗೆ ಮರಳಿದ ನನ್ನ ಗೆಳತಿ, ಬಂದ ವಾರವೇ ಸ್ಪಿತಿ ಕಣಿವೆಗೆ ಟಿಕೆಟ್ ತೆಗೆಸಿದಳು. ಅಲ್ಲಿಂದ ಬಂದವಳು ಕುಂಬಾರಿಕೆ ಕ್ಲಾಸಿಗೆ ಸೇರಿದಳು. ಆಮೇಲೆ ಸಾಲ್ಸಾ ಡಾನ್ಸು, ಅದಾದ ಮೇಲೆ ಬಾದಾಮಿಯಲ್ಲಿ ಬಂಡೆ ಹತ್ತುವ ಶಿಬಿರ. ಶನಿವಾರ ಬಂತೆಂದರೆ ಮನೆ ತುಂಬ ಜನ. ‘ಎಂಥಾ ಗಟ್ಟಿ ಮನಸ್ಸು, ನೋಡಿ ಕಲೀಬೇಕು’ ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.

ಒಂದು ಸಂಜೆ ಅವಳ ಅಡುಗೆಮನೆಯಲ್ಲಿ ಊಟಕ್ಕೆ ತಟ್ಟೆ ಜೋಡಿಸುತ್ತಿದ್ದೆ. ಮೇಲಿನ ಶೆಲ್ಫಿನ ಮೂಲೆಯಲ್ಲೊಂದು ಪಿಂಗಾಣಿ ಭರಣಿ. ಬಾಯಿಗೆ ಬಿಳಿ ಬಟ್ಟೆ ಹೊದೆಸಿ ದಾರದಿಂದ ಬಿಗಿದಿತ್ತು. ಅಪ್ಪೆಮಿಡಿ ಇರಬೇಕೆಂದು ಕೈ ಚಾಚಿದೆ. ‘ಅದೊಂದು ಮುಟ್ಟಬೇಡ ಮಾರಾಯ್ತಿ’ ಎಂದಳು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯುಗಾದಿಯ ಹೊತ್ತಿಗೆ ಅಮ್ಮ ಹಾಕಿಟ್ಟಿದ್ದ ಕೊನೆಯ ಉಪ್ಪಿನಕಾಯಿ ಅದು. ಊರಿಂದ ತಂದಿಟ್ಟು ಹತ್ತು ತಿಂಗಳಾಗಿತ್ತು, ಕಟ್ಟಿದ ದಾರ ಬಿಚ್ಚಿರಲಿಲ್ಲ. ಮರುಗಳಿಗೆಯಲ್ಲೇ ಮುಖ ಅರಳಿಸಿಕೊಂಡು, ‘ಬಾ ಇಲ್ಲಿ, ಮುಂದಿನ ತಿಂಗಳು ವಿಯೆಟ್ನಾಮಿಗೆ ಹೊರಟಿದೀನಿ, ಯಾವ ರೂಮು ಹಿಡೀಲಿ ಹೇಳು’ ಎಂದು ಮೊಬೈಲು ಮುಂದೆ ಹಿಡಿದಳು.

ಬೆಂಗಳೂರಿನ ಯಾವ ಹೊಸ ಹೋಟೆಲಿನ ರುಚಿಯನ್ನೂ ಬಿಡದವಳು ಅವಳು. ಮನೆಯಲ್ಲೇ ಇದ್ದ ಒಂದು ಭರಣಿಯ ಬಾಯಿ ತೆರೆಯಲು ಮಾತ್ರ ಅವಳಿಗೆ ಆಗಿರಲಿಲ್ಲ. ಇಂಥ ಸ್ವಭಾವದವರಿಗಾಗಿ, ಅವರ ಜೊತೆ ಬದುಕುವವರಿಗಾಗಿ ಈ ಲೇಖನ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಯಾರಿವರು ‘ಏಳನೇ ಬಗೆ’ಯವರು?

ಮನುಷ್ಯರ ಸ್ವಭಾವವನ್ನು ಒಂಬತ್ತು ಬಗೆಯಾಗಿ ವಿಂಗಡಿಸುವ ‘ಎನಿಯಾಗ್ರಾಮ್’ ಎಂಬ ಪದ್ಧತಿಯೊಂದಿದೆ. ಗ್ರೀಕಿನಲ್ಲಿ ‘ಎನಿಯಾ’ ಎಂದರೆ ಒಂಬತ್ತು. ವೃತ್ತದ ಮೇಲೆ ಒಂಬತ್ತು ಬಿಂದುಗಳನ್ನಿಟ್ಟು ಗೆರೆ ಎಳೆದ ಆಕೃತಿಯನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗುರ್ಜೀಫ್ ಎಂಬ ಅಧ್ಯಾತ್ಮ ಬೋಧಕ ತನ್ನ ಬೋಧನೆಯಲ್ಲಿ ಬಳಸಿದ. ಅದಕ್ಕೆ ಒಂಬತ್ತು ಸ್ವಭಾವಗಳನ್ನು ಜೋಡಿಸಿದವರು ಬೊಲಿವಿಯಾ ಮೂಲದ ಆಸ್ಕರ್ ಇಚಾಜೊ. 1970ರಲ್ಲಿ ಚಿಲಿ ದೇಶದ ಅರಿಕಾ ಪಟ್ಟಣದಲ್ಲಿ ಅವರ ಬಳಿ ಕಲಿತ ಮನೋವೈದ್ಯ ಕ್ಲಾಡಿಯೊ ನರಾಂಜೊ, ಅದಕ್ಕೆ ಮನಶ್ಶಾಸ್ತ್ರದ ಪರಿಭಾಷೆ ಕೊಟ್ಟು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಲಿಸಿದರು. 1987ರಲ್ಲಿ ಡಾನ್ ರಿಚರ್ಡ್ ರಿಸೊ, 1988ರಲ್ಲಿ ಹೆಲೆನ್ ಪಾಮರ್ ಬರೆದ ಪುಸ್ತಕಗಳ ಮೂಲಕ ಅದು ಸಾಮಾನ್ಯ ಓದುಗರ ಕೈ ಸೇರಿತು. ಈಗ ಕಂಪನಿಗಳ ತರಬೇತಿಯಲ್ಲೂ ಇದರ ಮಾತು ಕೇಳಿಬರುತ್ತದೆ.

ಈ ಒಂಬತ್ತರಲ್ಲಿ ಏಳನೆಯವರು ‘ಉತ್ಸಾಹಿ’ಗಳು. ಹೆಲೆನ್ ಪಾಮರ್ ಇವರನ್ನು ‘ಎಪಿಕ್ಯೂರ್’, ಅಂದರೆ ರುಚಿಪ್ರಿಯರು ಎಂದು ಕರೆದರು. ಇವರಿದ್ದ ಕಡೆ ಬೇಸರಕ್ಕೆ ಜಾಗವಿಲ್ಲ. ಚುರುಕು ಬುದ್ಧಿ, ಹತ್ತು ವಿಷಯಗಳಲ್ಲಿ ಆಸಕ್ತಿ, ಮುರಿದ ಕೆಲಸದಲ್ಲೂ ಒಂದು ದಾರಿ ಹುಡುಕುವ ಜಾಣ್ಮೆ ಇವರಿಗೆ ಸಹಜ. ಮದುವೆಮನೆಯಿರಲಿ, ಆಫೀಸಿರಲಿ, ಇವರು ಕಾಲಿಟ್ಟರೆ ಕಳೆ ಬರುತ್ತದೆ.

ಒಳಗೆ ಮಾತ್ರ ಒಂದು ಭಯ ಸದಾ ಜಾಗೃತವಾಗಿರುತ್ತದೆ: ‘ನೋವಿನಲ್ಲಿ ಸಿಕ್ಕಿಹಾಕಿಕೊಂಡರೆ ಹೊರಬರಲಾರೆ.’ ಹಾಗಾಗಿ ನೋವು ಬಾಗಿಲ ಬಳಿ ಬರುವ ಮೊದಲೇ ಇವರು ಹಿತ್ತಿಲ ಬಾಗಿಲಿಂದ ಹೊರಟಿರುತ್ತಾರೆ. ಎನಿಯಾಗ್ರಾಮಿನಲ್ಲಿ ಇವರ ದೋಷಕ್ಕೆ ಕೊಟ್ಟ ಹೆಸರು ಹೊಟ್ಟೆಬಾಕತನ. ಅನ್ನದ ಹಸಿವಲ್ಲ ಇದು, ಅನುಭವಗಳ ಹಪಾಹಪಿ. ಇನ್ನೊಂದು ಊರು, ಇನ್ನೊಂದು ಹವ್ಯಾಸ, ಇನ್ನೊಂದು ಗುಂಪು. ಕೈಯಲ್ಲಿರುವ ತುತ್ತು ಬಾಯಿಗೆ ಹೋಗುವ ಮೊದಲೇ ಕಣ್ಣು ಮುಂದಿನ ತಟ್ಟೆಯ ಮೇಲೆ.

ಇವರು ಪಾರಾಗುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಯೋಜನೆ: ಇವತ್ತಿನ ಸಂಕಟ ಶುರುವಾದೊಡನೆ ಮನಸ್ಸು ಮುಂದಿನ ತಿಂಗಳಿಗೆ ಹಾರುತ್ತದೆ. ಎರಡನೆಯದು ಸಮಾಧಾನದ ಮಾತು: ಕೆಲಸ ಹೋದ ದಿನವೇ ‘ಆಗಿದ್ದೆಲ್ಲ ಒಳ್ಳೇದಕ್ಕೇ’ ಎನ್ನುತ್ತಾರೆ, ಆ ನಷ್ಟ ಎದೆಗೆ ಇಳಿಯುವಷ್ಟು ಹೊತ್ತೂ ಕೊಡುವುದಿಲ್ಲ. ಮೂರನೆಯದು ತಮಾಷೆ: ಮಾತು ಆಳಕ್ಕೆ ಇಳಿಯಿತು ಎನ್ನುವಾಗ ಒಂದು ಜೋಕು ಹಾರಿಸಿ ಎಲ್ಲರನ್ನೂ ದಡಕ್ಕೆ ಎಳೆದು ತರುತ್ತಾರೆ.

ಒತ್ತಡ ಮಿತಿ ಮೀರಿದಾಗ ಇದೇ ಹಸನ್ಮುಖಿಗಳು ಸಿಡುಕರಾಗುತ್ತಾರೆ, ಎಲ್ಲದರಲ್ಲೂ ತಪ್ಪು ಹುಡುಕುತ್ತಾರೆ. ಎನಿಯಾಗ್ರಾಮಿನ ಮಾತಿನಲ್ಲಿ ಹೇಳುವುದಾದರೆ ಒಂದನೇ ಬಗೆಯ ಕಟ್ಟುನಿಟ್ಟಿನವರ ಕಡೆಗೆ ಜಾರುತ್ತಾರೆ. ಮನಸ್ಸು ಹದಕ್ಕೆ ಬಂದಾಗ ಐದನೇ ಬಗೆಯವರ ಹಾಗೆ ಒಂದೇ ವಿಷಯದಲ್ಲಿ ಆಳವಾಗಿ ಮುಳುಗುವ ಶಕ್ತಿ ಪಡೆಯುತ್ತಾರೆ.

ಎಷ್ಟು ನಂಬಬೇಕು?

ಎನಿಯಾಗ್ರಾಮ್ ಒಂದು ಕನ್ನಡಿ. ಅದನ್ನು ರಕ್ತಪರೀಕ್ಷೆಯ ವರದಿಯಂತೆ ಓದಬಾರದು. ಇದಕ್ಕೆ ವೈಜ್ಞಾನಿಕ ಆಧಾರ ಕಡಿಮೆ. ಸಂಶೋಧಕರು ಸ್ವಭಾವವನ್ನು ಅಳೆಯಲು ಬೇರೆ ಮಾದರಿಗಳನ್ನೇ ನೆಚ್ಚಿಕೊಂಡಿದ್ದಾರೆ. ಆದ್ದರಿಂದ ‘ನಾನು ಏಳನೇ ಬಗೆ, ನಾನಿರೋದೇ ಹೀಗೆ’ ಎಂದು ಹಣೆಪಟ್ಟಿ ಅಂಟಿಸಿಕೊಂಡು ಕೂರಬೇಡಿ. ಇದರಿಂದ ಸಿಗುವ ಸುಳಿವನ್ನಷ್ಟೇ ತೆಗೆದುಕೊಳ್ಳಿ.

ಆ ಸುಳಿವಿಗೆ ಪ್ರಯೋಗಾಲಯಗಳಿಂದಲೂ ಬೆಂಬಲವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಜುಕರ್ಮನ್ 1964ರಲ್ಲೇ ‘ರೋಮಾಂಚನದ ಹುಡುಕಾಟ’ವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅವರು ಗುರುತಿಸಿದ ನಾಲ್ಕು ಎಳೆಗಳು ಇವು: ಸಾಹಸದ ಬಯಕೆ, ಹೊಸ ಅನುಭವದ ಬಯಕೆ, ಲಂಗುಲಗಾಮಿಲ್ಲದ ಮೋಜು, ಬೇಸರವನ್ನು ಸಹಿಸಲಾಗದಿರುವುದು. ಈ ಕೊನೆಯ ಎಳೆಯನ್ನು ಗಮನಿಸಿ, ನಮ್ಮ ಮಾತಿಗೆ ಹತ್ತಿರವಾದದ್ದು ಅದೇ.

2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊತಿ ವಿಲ್ಸನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾದದ್ದು. ಬರಿದಾದ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಕೂರಬೇಕು. ಎದುರಿಗೊಂದು ಗುಂಡಿ, ಒತ್ತಿದರೆ ಸಣ್ಣ ವಿದ್ಯುತ್ ಶಾಕ್. ‘ದುಡ್ಡು ಕೊಟ್ಟಾದರೂ ಈ ಶಾಕ್ ತಪ್ಪಿಸಿಕೊಳ್ಳುತ್ತೇವೆ’ ಎಂದು ಮೊದಲೇ ಹೇಳಿದ್ದವರನ್ನೇ ಕೂರಿಸಿದ್ದರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಕೈಯಾರೆ ಗುಂಡಿ ಒತ್ತಿಕೊಂಡರು. ಒಬ್ಬನಂತೂ 190 ಸಲ ಒತ್ತಿದ. ತನ್ನ ಮನಸ್ಸಿನ ಜೊತೆ ಒಂಟಿಯಾಗಿ ಕೂರುವುದಕ್ಕಿಂತ ಶಾಕ್ ವಾಸಿ ಎನಿಸುವ ಗಳಿಗೆ ಅನೇಕರಿಗೆ ಬರುತ್ತದೆ. ಏಳನೇ ಬಗೆಯವರಿಗೆ ಅದು ದಿನವೂ ಬರುತ್ತದೆ, ಅಷ್ಟೇ.

ನೋವಿನಿಂದ ಮುಖ ತಿರುಗಿಸುವ ಪಾಠ ನಮಗೆ ತೊಟ್ಟಿಲಲ್ಲೇ ಶುರುವಾಗುತ್ತದೆ. ಮಗು ಅತ್ತರೆ ‘ಅಗೋ ಕಾಗೆ ನೋಡು, ಇಗೋ ಗುಬ್ಬಿ ನೋಡು’ ಎಂದು ಮನಸ್ಸು ತಿರುಗಿಸುತ್ತೇವೆ. ಈಗ ಕಾಗೆಯ ಜಾಗಕ್ಕೆ ಮೊಬೈಲು ಬಂದಿದೆ. ಒಮ್ಮೊಮ್ಮೆ ಅದು ಬೇಕು, ತಪ್ಪಲ್ಲ. ಅತ್ತಾಗಲೆಲ್ಲ ಅದನ್ನೇ ಮಾಡಿದರೆ, ಅಳು ತನ್ನಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಮಗು ಕಲಿಯುವುದೇ ಇಲ್ಲ.

ಓಡಿದರೆ ನೋವು ಯಾಕೆ ಹಿಂದೆ ಉಳಿಯುವುದಿಲ್ಲ?

1987ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಕೆಲವರಿಗೆ ‘ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಎಂದರು. ಗಂಟೆ ಮೊಳಗುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲು ಅದುಮಿಟ್ಟವರಿಗೆ ಕರಡಿ ಉಳಿದವರಿಗಿಂತ ಹೆಚ್ಚು ಸಲ ನೆನಪಾಯಿತು. ಯಾವುದು ಬರಬಾರದೆಂದು ಮನಸ್ಸು ಕಾವಲು ಕೂರುತ್ತದೋ, ಕಾವಲಿಗಾಗಿಯೇ ಅದನ್ನು ಮತ್ತೆ ಮತ್ತೆ ನೆನೆಯಬೇಕಾಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳದೇ ಆಗುತ್ತದೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ತಂಡ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿತು. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ಒಳ್ಳೆಯ ನಗೆಹನಿ ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುವ ಖುಷಿ ಇತರರಿಗಿಂತ ಕಡಿಮೆಯಾಗಿತ್ತು. ದೊಡ್ಡ ಸಡಗರಕ್ಕೆ ಒಗ್ಗಿದ ನಾಲಿಗೆಗೆ ಸಾದಾ ತಿಳಿಸಾರು ಸಪ್ಪೆ. ಆಗ ರುಚಿ ಬೇಕೆಂದರೆ ಖಾರ ಏರಿಸುತ್ತಲೇ ಹೋಗಬೇಕು.

ಈ ಕತೆ ನಮಗೆ ಹೊಸದಲ್ಲ. ಮಹಾಭಾರತದ ಆದಿಪರ್ವದ ಯಯಾತಿ, ಶುಕ್ರಾಚಾರ್ಯರ ಶಾಪದಿಂದ ಬಂದ ಮುಪ್ಪನ್ನು ಮಗ ಪೂರುವಿಗೆ ಕೊಟ್ಟು ಅವನ ಯೌವನ ಪಡೆದ. ಸಾವಿರ ವರ್ಷ ಸುಖಪಟ್ಟರೂ ತಣಿಯಲಿಲ್ಲ, ಕೊನೆಗೆ ಯೌವನ ಹಿಂದಿರುಗಿಸಿದ. ಗಿರೀಶ ಕಾರ್ನಾಡರು ತಮ್ಮ ‘ಯಯಾತಿ’ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು ಈ ಕತೆಗೆ ಹೊಸ ಅರ್ಥ ಕೊಟ್ಟರು. ಮಾವ ಹೊರಲೊಲ್ಲದ ಮುಪ್ಪು ಆ ಎಳೆಯ ಸೊಸೆಯ ಬದುಕಿಗೇ ಎರವಾಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ. ನಾವು ಹೊರದೆ ಬಿಟ್ಟ ನೋವು ಕರಗಿಹೋಗುವುದಿಲ್ಲ. ಮನೆಯಲ್ಲಿ ಇನ್ನೊಬ್ಬರ ಹೆಗಲಿಗೆ ಏರುತ್ತದೆ. ಅಣ್ಣ ಟ್ರೆಕ್ಕಿಂಗಿಗೆ ಹೋದಾಗ ಅಪ್ಪನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ತಂಗಿಯನ್ನು ಕೇಳಿ ನೋಡಿ.

ನಿಮ್ಮನ್ನೇ ಕೇಳಿಕೊಳ್ಳಿ

- ಕ್ಯಾಲೆಂಡರಿನಲ್ಲಿ ಏನೂ ಇಲ್ಲದ ಭಾನುವಾರ ಕಂಡರೆ ಎದೆ ಹಗುರಾಗುತ್ತದೋ, ಅಳುಕುತ್ತದೋ?
- ಕೆಟ್ಟ ಸುದ್ದಿ ಬಂದ ಒಂದು ಗಂಟೆಯೊಳಗೆ ಏನಾದರೂ ಬುಕ್ ಮಾಡುವ, ಕೊಳ್ಳುವ, ತರಿಸಿ ತಿನ್ನುವ ಅಭ್ಯಾಸವಿದೆಯೇ?
- ಪ್ರವಾಸಕ್ಕಿಂತ ಪ್ರವಾಸದ ತಯಾರಿಯೇ ಹೆಚ್ಚು ಖುಷಿ ಕೊಡುತ್ತದೆಯೇ?
- ಅರ್ಧಕ್ಕೆ ಬಿಟ್ಟ ಕೋರ್ಸು, ಪುಸ್ತಕ, ವಾದ್ಯ ಎಷ್ಟು?
- ಆಪ್ತರು ಅಳತೊಡಗಿದರೆ ಕೂಡಲೇ ನಗಿಸಲು ಹೊರಡುತ್ತೀರಾ?
- ಕಳೆದ ವರ್ಷ ನಿಮಗೆ ಅತಿ ದುಃಖ ತಂದದ್ದು ಯಾವುದು? ಅದನ್ನು ಯಾರಿಗಾದರೂ ನಗದೆ ಹೇಳಿದ್ದೀರಾ?

ಬಹುಪಾಲು ಉತ್ತರ ಚುಚ್ಚಿದ್ದರೆ ಗಾಬರಿ ಬೇಡ. ಉತ್ಸಾಹ ನಿಮ್ಮ ಸೊತ್ತು, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಕಲಿಯಬೇಕಾದದ್ದು ನೋವು ಬಂದಾಗ ಒಂದಿಷ್ಟು ಹೊತ್ತು ಎದ್ದು ಹೋಗದೆ ಕೂರುವುದನ್ನು.

ಏನು ಮಾಡಬಹುದು?

1. ಹತ್ತು ನಿಮಿಷ ತಡೆಯಿರಿ. ಟಿಕೆಟ್ ಬುಕ್ ಮಾಡುವ, ಆರ್ಡರ್ ಹಾಕುವ, ‘ಬರ್ತೀಯಾ?’ ಎಂದು ಐದು ಜನಕ್ಕೆ ಮೆಸೇಜು ಕಳಿಸುವ ಮೊದಲು ಫೋನು ಕೆಳಗಿಡಿ. ‘ಕಳೆದ ಒಂದು ಗಂಟೆಯಲ್ಲಿ ಏನಾಯ್ತು?’ ಎಂದು ಕೇಳಿಕೊಳ್ಳಿ. ಬಾಸ್ ಆಡಿದ ಮಾತೋ, ಬಾರದ ಕರೆಯೋ, ಫೋನಿನಲ್ಲಿ ಕಣ್ಣಿಗೆ ಬಿದ್ದ ಹಳೆಯ ಫೋಟೊವೋ ಇರಬಹುದು. ಹತ್ತು ನಿಮಿಷದ ಮೇಲೂ ಬೇಕೆನಿಸಿದರೆ ಧಾರಾಳವಾಗಿ ಹೋಗಿ. ಆಗ ಓಡಿಹೋದಂತೆ ಆಗುವುದಿಲ್ಲ, ನೀವಾಗಿ ಹೊರಟಂತೆ ಆಗುತ್ತದೆ.

2. ನೋವಿಗೆ ಅದರದೇ ಹೆಸರಿಡಿ. ಎಲ್ಲಕ್ಕೂ ‘ಬೇಜಾರು’ ಎಂಬ ಒಂದೇ ಪದ ಸಾಲದು. ಅಗಲಿಕೆಯೋ, ಅವಮಾನವೋ, ಒಂಟಿತನವೋ, ಹೊಟ್ಟೆಕಿಚ್ಚೋ, ಕಸಿವಿಸಿಯೋ, ಹಳಹಳಿಯೋ? ನಮ್ಮ ಭಾಷೆಯಲ್ಲಿ ಸಂಕಟಕ್ಕೆ ಎಷ್ಟೊಂದು ಹೆಸರುಗಳಿವೆ! ಭಾವನೆಗೆ ಮಾತಿನ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯಕ್ಕೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುವುದನ್ನು ಲಾಸ್ ಏಂಜಲೀಸಿನ ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ತೋರಿಸಿತು.

3. ಅಲೆ ಇಳಿಯುವುದನ್ನು ನೋಡಿ. ಚಟ ಬಿಡಿಸುವ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಬಳಕೆಗೆ ತಂದ ಉಪಾಯವಿದು. ‘ಈಗಲೇ ಏನಾದರೂ ಮಾಡಬೇಕು’ ಎಂಬ ಒತ್ತಡ ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಎದೆಯಲ್ಲೋ ಗಂಟಲಲ್ಲೋ ಹೊಟ್ಟೆಯಲ್ಲೋ ಅದು ಎಲ್ಲಿದೆ ಎಂದು ಗಮನಿಸುತ್ತ ಉಸಿರಾಡುತ್ತಿರಿ. ಮೊದಲ ದಿನ ಮೂರು ನಿಮಿಷ ಸಾಕು. ನನ್ನ ಗೆಳತಿ ಮೊದಲ ಸಲ ಎರಡೇ ನಿಮಿಷಕ್ಕೆ ಎದ್ದು ಪಾತ್ರೆ ತೊಳೆಯಲು ಹೋದಳು. ಮರುದಿನ ಮತ್ತೆ ಕೂತಳು.

4. ನಾಲ್ಕು ದಿನ ಬರೆಯಿರಿ. ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆದರು. ಏನಾಯಿತು ಎಂಬುದರ ಜೊತೆಗೆ ಏನನ್ನಿಸಿತು ಎಂಬುದನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಕಾಗುಣಿತ, ಒತ್ತಕ್ಷರ ನೋಡಬೇಡಿ. ‘ಆದರೂ ಒಳ್ಳೇದೇ ಆಯ್ತು’ ಎಂಬ ಸಾಲು ಬರಲು ಬಿಡಬೇಡಿ, ಏಳನೇ ಬಗೆಯವರ ಪೆನ್ನು ಅಲ್ಲಿಗೇ ಓಡುತ್ತದೆ. ಬರೆದದ್ದನ್ನು ಹರಿದು ಹಾಕಿದರೂ ಸರಿಯೇ.

5. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಯಾವ ಕಲಿಕೆಯಲ್ಲೂ ಹೊಸತನದ ಹೊಳಪು ಮಾಸುವ ಘಟ್ಟವೊಂದಿದೆ. ಸಂಗೀತದಲ್ಲಿ ಸರಳೆ, ಜಂಟಿವರಸೆ ಮುಗಿಯುವವರೆಗಿನ ದಿನಗಳ ಹಾಗೆ. ಓಡುವವರು ಬಿಡುವುದು ಅಲ್ಲೇ, ಆಳ ಶುರುವಾಗುವುದೂ ಅಲ್ಲೇ. ಅರ್ಧಕ್ಕೆ ಬಿಟ್ಟವುಗಳಲ್ಲಿ ಒಂದನ್ನು ಆರಿಸಿ ಆರು ತಿಂಗಳು ಬಿಡದೆ ಹಿಡಿಯಿರಿ.

6. ನಾಲಿಗೆಗೆ ಸಣ್ಣ ರುಚಿ ಮರಳಿ ಕಲಿಸಿ. ದಿನಕ್ಕೊಂದು ಲೋಟ ಕಾಫಿಯನ್ನು ಫೋನಿಲ್ಲದೆ, ಪೇಪರಿಲ್ಲದೆ, ಮಾತಿಲ್ಲದೆ ಕುಡಿಯಿರಿ. ಲೋಟದ ಬಿಸಿ, ನೊರೆ, ಕೊನೆಗೆ ತಳದಲ್ಲಿ ಉಳಿಯುವ ಕಹಿ, ಎಲ್ಲವನ್ನೂ ಗಮನಿಸಿ. ಒಂದಕ್ಕೆ ಪೂರ್ತಿ ಮನಸ್ಸು ಕೊಟ್ಟರೆ ಅಷ್ಟಕ್ಕೇ ಹೊಟ್ಟೆ ತುಂಬುತ್ತದೆ. ಎನಿಯಾಗ್ರಾಮ್ ಈ ಬಗೆಯವರಿಗೆ ಹೇಳುವ ಸದ್ಗುಣದ ಹೆಸರು ‘ಮಿತ’. ಅದು ವೈರಾಗ್ಯವಲ್ಲ, ಸಾಕು ಎನ್ನಲು ಬರುವುದು.

7. ಒಬ್ಬರ ಮುಂದೆ ನಗದೆ ಹೇಳಿ. ಹತ್ತು ಗುಂಪುಗಳ ನಡುವೆ ಒಬ್ಬ ಆಪ್ತರನ್ನು ಆರಿಸಿ. ‘ನಂಗೆ ಸಲಹೆ ಬೇಡ, ಹತ್ತು ನಿಮಿಷ ಕೇಳು ಸಾಕು’ ಎಂದು ಮೊದಲೇ ಹೇಳಿ.

ಒಂದು ಎಚ್ಚರ: ದೌರ್ಜನ್ಯ, ಅಪಘಾತದಂಥ ಭಾರಿ ಆಘಾತದ ನೆನಪನ್ನು ಒಬ್ಬರೇ ಕೆದಕಲು ಹೋಗಬೇಡಿ. ಅದಕ್ಕೆ ತಜ್ಞರ ಜೊತೆ ಬೇಕು.

ಜೊತೆಯಲ್ಲಿ ಇರುವವರಿಗೆ

ನಿಮ್ಮ ಗಂಡನೋ ಹೆಂಡತಿಯೋ ಮಗಳೋ ಇಂಥ ಸ್ವಭಾವದವರಾದರೆ ‘ನಿಂಗೆ ಯಾವುದೂ ಸೀರಿಯಸ್ಸಿಲ್ಲ’ ಎನ್ನಬೇಡಿ. ಅವರಿಗೆ ನೋವು ಇಲ್ಲವೆಂದಲ್ಲ, ಇರುವುದರಿಂದಲೇ ಓಡುತ್ತಿದ್ದಾರೆ. ಅಟ್ಟಿಸಿಕೊಂಡು ಹೋದರೆ ಇನ್ನೂ ಜೋರಾಗಿ ಓಡುತ್ತಾರೆ. ಎದುರುಬದುರು ಕೂರಿಸಿ ವಿಚಾರಣೆ ನಡೆಸುವ ಬದಲು ಜೊತೆಯಲ್ಲಿ ನಡೆಯುತ್ತ, ಅವರೆಕಾಯಿ ಬಿಡಿಸುತ್ತ ಮಾತಾಡಿ. ಕೈಗೆ ಕೆಲಸವಿದ್ದರೆ ಬಾಯಿ ಸಲೀಸಾಗಿ ತೆರೆಯುತ್ತದೆ. ಅವರು ಜೋಕು ಹೇಳಿದಾಗ ನಕ್ಕು, ಆಮೇಲೆ ಮೆಲ್ಲಗೆ ‘ಅದಿರಲಿ, ನೀನು ಹೇಗಿದೀಯ?’ ಎಂದು ಇನ್ನೊಮ್ಮೆ ಕೇಳಿ. ಎಷ್ಟೋ ಸಲ ನಿಜವಾದ ಉತ್ತರ ಬರುವುದು ಎರಡನೇ ಸಲ ಕೇಳಿದಾಗ. ಹಾಗೆಂದು ಅವರು ಬಿಟ್ಟ ಹೊರೆಯನ್ನೆಲ್ಲ ನೀವೇ ಹೊರಬೇಡಿ. ‘ಈ ಭಾನುವಾರ ಅಪ್ಪನ ಜೊತೆ ಆಸ್ಪತ್ರೆಯಲ್ಲಿ ನೀನಿರು’ ಎಂದು ಬಾಯಿಬಿಟ್ಟು ಹೇಳಿ.

ವೈದ್ಯರ ಬಳಿ ಯಾವಾಗ?

ಸ್ವಭಾವ ಬೇರೆ, ಕಾಯಿಲೆ ಬೇರೆ. ದಿನಗಟ್ಟಲೆ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ತಡೆಯಿಲ್ಲದ ಮಾತು, ಕೈಮೀರಿದ ಖರ್ಚು ಕಂಡರೆ ಅದು ಬೈಪೋಲಾರ್ ಕಾಯಿಲೆಯ ಲಕ್ಷಣ ಇರಬಹುದು. ಚಿಕ್ಕಂದಿನಿಂದಲೂ ಯಾವುದರಲ್ಲೂ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ ಎಂಬ ಗಮನ ಕೊರತೆಯ ತೊಂದರೆ ಇರಬಹುದು. ಕುಡಿತ, ಆನ್‌ಲೈನ್ ಜೂಜು, ಜೀವ ಪಣಕ್ಕಿಡುವ ಬೈಕ್ ಓಟ ಸೇರಿಕೊಂಡರೆ, ಓಟ ನಿಂತಾಗಲೆಲ್ಲ ಬದುಕೇ ಬೇಡ ಎನಿಸಿದರೆ ತಡ ಮಾಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಮೊಬೈಲು, ಗೇಮಿಂಗ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ ನಡೆಯುತ್ತಿದೆ.

ಭರಣಿ

ಕಳೆದ ಮಳೆಗಾಲದ ಒಂದು ರಾತ್ರಿ ಗೆಳತಿ ಫೋನ್ ಮಾಡಿದಳು. ಜ್ವರ ಬಂದು ಮನೆಯಲ್ಲೇ ಮಲಗಿದ್ದಳಂತೆ, ಗಂಜಿ ಮಾಡಿಕೊಂಡಿದ್ದಳಂತೆ. ನಂಚಿಕೊಳ್ಳಲು ಏನೂ ಇರಲಿಲ್ಲ. ಸ್ಟೂಲು ಹತ್ತಿ ಭರಣಿ ಇಳಿಸಿ ದಾರ ಬಿಚ್ಚಿದಳು. ಮಿಡಿಯ ಘಮ ಮೂಗಿಗೆ ಬಂದದ್ದೇ ನೆಲದ ಮೇಲೆ ಕೂತು ಅತ್ತಳು.

‘ಎಷ್ಟೊತ್ತು ಅತ್ತೆ?’ ಎಂದೆ.

‘ಗಡಿಯಾರ ನೋಡಿದ್ದೆ ಕಣೇ. ಇಪ್ಪತ್ತು ನಿಮಿಷ. ಇಷ್ಟು ದಿನ ಓಡಿದ್ದು ಇಪ್ಪತ್ತು ನಿಮಿಷಕ್ಕೆ.’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಆಮೇಲೆ ಗಂಜಿ ಬಿಸಿ ಮಾಡಿಕೊಂಡು ಊಟ ಮಾಡಿದೆ. ಅಮ್ಮ ಈ ಸಲ ಉಪ್ಪು ಒಂಚೂರು ಜಾಸ್ತಿ ಹಾಕಿಬಿಟ್ಟಿದಾಳೆ.’

ಅಷ್ಟು ದಿನಗಳಲ್ಲಿ ಮೊದಲ ಸಲ ಅವಳು ಅಮ್ಮನ ಬಗ್ಗೆ ಮಾತಾಡಿದ್ದಳು. ಆ ರಾತ್ರಿ ನಾವು ಎರಡು ಗಂಟೆ ಮಾತಾಡಿದೆವು, ಬರೀ ಅಮ್ಮನದೇ ಮಾತು. ಇವತ್ತಿಗೂ ಅವಳು ಊರೂರು ಸುತ್ತುತ್ತಾಳೆ. ಭರಣಿ ಮಾತ್ರ ಶೆಲ್ಫಿನಿಂದ ಇಳಿದು ಊಟದ ಮೇಜಿನ ಮೇಲೆ ಬಂದು ಕೂತಿದೆ.